ಕ್ಲೋರೈಡ್ ಬೀದಿಯ ಕಡಲು

ಕ್ಲೋರೈಡ್ ಬೀದಿ, ಬ್ರೋಕನ್ ಹಿಲ್
7 ಫೆಬ್ರುವರಿ 1993

ಮಾನ್ಯ ಶ್ರೀಮತಿ ಡಲ್ಸಿ ಮರಿಯಾನೊ ಅವರಿಗೆ,

ನನ್ನ ಹೆಸರು ಕೆಲ್ವಿನ್ ಪೆಂಡ್ರೇ. ನಿಮ್ಮ ಮಗಳು ರೊಸೀನಾಳ ಗಂಡ. ನೀವು ನನ್ನನ್ನು ನೋಡಿಲ್ಲ, ನಾನು ನಿಮ್ಮನ್ನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಹೋದ ಸೆಪ್ಟೆಂಬರಿನಲ್ಲಿ ನಾವು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದ ಸುದ್ದಿ ನಿಮಗೆ ಆಮೇಲೆ ಮುಟ್ಟಿತು. ಆ ಅವಸರ ನನ್ನದು. ಅದಕ್ಕೆ ಕ್ಷಮೆ ಕೇಳಿಯೇ ಮುಂದಿನದನ್ನು ಬರೆಯುತ್ತಿದ್ದೇನೆ.

ನೀವು ಕೇರ್ನ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಅಕ್ವೇರಿಯಂ ಮೀನು, ಹವಳ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೀರಂತೆ. ನಿಮ್ಮ ಅಡುಗೆಮನೆಯ ಕಿಟಕಿ ಪಕ್ಕದಲ್ಲಿ ಒಂದು ಗಾಜಿನ ತೊಟ್ಟಿ ಇದೆಯಂತೆ, ಅದರಲ್ಲಿ ಹವಳ ಬೆಳೆಯುತ್ತದಂತೆ. ರೊಸೀನಾ ಅದರ ವಿಷಯ ತುಂಬ ಹೇಳುತ್ತಾಳೆ. ಅಂಥದ್ದೊಂದನ್ನು ನಾನು ಇಲ್ಲಿ ಮಾಡಬೇಕೆಂದಿದ್ದೇನೆ. ಮುಚ್ಚಿಹೋದ ಪಬ್ಬೊಂದರಿಂದ ಮೂರಡಿ ಉದ್ದದ ತೊಟ್ಟಿ ಸಿಕ್ಕಿದೆ. ಹಿತ್ತಲ ಶೆಡ್ಡಿನಲ್ಲಿ ಬಚ್ಚಿಟ್ಟಿದ್ದೇನೆ. ಮೇ 23ಕ್ಕೆ ಅವಳ ಹುಟ್ಟುಹಬ್ಬ, ಅಷ್ಟರೊಳಗೆ ಆಗಬೇಕು. ನಾನು ಗಣಿಯಲ್ಲಿ ಫಿಟ್ಟರ್. ಪಂಪು, ಕೊಳವೆ, ಕರೆಂಟು ನನಗೆ ಬಿಡಿ. ಸಮುದ್ರದ ವಿಷಯ ಮಾತ್ರ ಏನೂ ಗೊತ್ತಿಲ್ಲ.

ದಯವಿಟ್ಟು ಹೇಗೆ ಶುರು ಮಾಡಬೇಕೆಂದು ಬರೆಯಿರಿ. ಉತ್ತರವನ್ನು ಆಯೊಡೈಡ್ ಬೀದಿಯಲ್ಲಿರುವ ನನ್ನ ಅಕ್ಕ ಲೊರೇನಳ ವಿಳಾಸಕ್ಕೆ ಹಾಕಿ, ರೊಸೀನಾಳ ಕೈಗೆ ಸಿಗಬಾರದು. ಅವಳು ಚೆನ್ನಾಗಿದ್ದಾಳೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ಆಗಸ್ಟಿಗೆ ಮಗು ಎಂದು ಡಾಕ್ಟರು ಹೇಳಿದ್ದಾರೆ, ಅದು ನಿಮಗೆ ಗೊತ್ತೇ ಇದೆ.

ಇಂತಿ ವಿನಮ್ರ,
ಕೆಲ್ವಿನ್ ಪೆಂಡ್ರೇ


ಕೇರ್ನ್ಸ್
18 ಫೆಬ್ರುವರಿ 1993

ಶ್ರೀ ಪೆಂಡ್ರೇ ಅವರಿಗೆ,

ನಿಮ್ಮ ಪತ್ರ ಬಂತು. ಅಕ್ಷರ ಚೆನ್ನಾಗಿದೆ.

ಸಮುದ್ರದ ಆಸೆ ಇದ್ದವರು ಸಮುದ್ರದ ಹತ್ತಿರ ಬಂದು ಇರುತ್ತಾರೆ. ಐನೂರು ಕಿಲೋಮೀಟರು ಸುತ್ತಲೂ ಕೆಂಪು ಮಣ್ಣೇ ಇರುವ ಊರಿಗೆ ಅದನ್ನು ಪೆಟ್ಟಿಗೆಯಲ್ಲಿ ತರಿಸಿಕೊಳ್ಳುವುದಿಲ್ಲ. ಆದರೂ ಕೇಳಿದ್ದೀರಿ, ಹೇಳುತ್ತೇನೆ.

ತೊಟ್ಟಿಯನ್ನು ಬಿಸಿನೀರು, ವಿನಿಗರ್ ಹಾಕಿ ತೊಳೆಯಿರಿ. ಸಾಬೂನು ಬೇಡ. ಶುದ್ಧ ನೀರಿಗೆ ಅಕ್ವೇರಿಯಂ ಅಂಗಡಿಯ ಉಪ್ಪು ಬೆರೆಸಿ. ಅಡುಗೆ ಉಪ್ಪಲ್ಲ. ಉಪ್ಪಿನ ಮಟ್ಟ ಅಳೆಯುವ ತೇಲುಕಡ್ಡಿ ಸಿಗುತ್ತದೆ, ಅದು 1.025 ತೋರಿಸಬೇಕು. ಬಿಸಿ ಇಪ್ಪತ್ತೈದು ಡಿಗ್ರಿ. ತಳಕ್ಕೆ ಹವಳದ ಮರಳು. ಎರಡು ಪಂಪು ಎದುರುಬದುರು ಇಡಿ, ನೀರು ಒಂದು ಗಳಿಗೆಯೂ ಸುಮ್ಮನೆ ನಿಲ್ಲಬಾರದು. ಕೊಳೆಯನ್ನು ನೊರೆ ಮಾಡಿ ಹೊರಗೆ ತೆಗೆಯುವ ಯಂತ್ರವೊಂದು ಬೇಕು. ಮೇಲೆ ಒಂದು ಬಿಳಿ, ಒಂದು ನೀಲಿ ಟ್ಯೂಬ್‌ಲೈಟು. ಆಮೇಲೆ ಮುಟ್ಟಬೇಡಿ. ನೀರು ತಿಳಿಯಾಗಿ ನಿಲ್ಲಲಿ. ಅದಾದ ಮೇಲೆ ಕಲ್ಲು. ಕಲ್ಲು ಹದಕ್ಕೆ ಬರಲು ಮೂರು ವಾರ. ಆಮೇಲೆ ಬಸವನಹುಳು, ಆಮೇಲೆ ಹವಳ. ಮೀನು ಎಲ್ಲಕ್ಕಿಂತ ಕೊನೆಗೆ.

ಪರಿಚಯವಾದ ಮೂರೇ ತಿಂಗಳಿಗೆ ಮದುವೆಯಾದ ಮನುಷ್ಯ ವಾರಗಟ್ಟಲೆ ಬರೀ ನೀರು ನೋಡಿಕೊಂಡು ಕೂರುತ್ತಾನೆ ಎಂದು ನಾನು ನಂಬುವುದಿಲ್ಲ.

ಅವಳು ಚೆನ್ನಾಗಿದ್ದಾಳೆ ಎಂದು ಬರೆದಿದ್ದೀರಿ. ಪ್ರತಿ ಭಾನುವಾರ ಫೋನಿನಲ್ಲಿ ಅವಳೂ ಅದನ್ನೇ ಹೇಳುತ್ತಾಳೆ. ಇಬ್ಬರೂ ಒಂದೇ ಚೀಟಿ ನೋಡಿ ಓದಿದ ಹಾಗಿದೆ.

ಡಲ್ಸಿ ಮರಿಯಾನೊ


ಬ್ರೋಕನ್ ಹಿಲ್
14 ಮಾರ್ಚ್ 1993

ಮಾನ್ಯ ಶ್ರೀಮತಿ ಮರಿಯಾನೊ ಅವರಿಗೆ,

ನೀವು ಹೇಳಿದ ಒಂದೊಂದನ್ನೂ ಮಾಡಿದ್ದೇನೆ. ಮೊದಲು ತೊಟ್ಟಿಯ ಮೂಲೆ ಸೋರಿತು. ಹಳೆ ಅಂಟು ಕೆರೆದು ಹೊಸದು ಹಾಕಿ ಒಂದು ವಾರ ಒಣಗಿಸಿದೆ. ನೊರೆ ತೆಗೆಯುವ ಯಂತ್ರವನ್ನು ನಾನೇ ಪ್ಲಾಸ್ಟಿಕ್ ಕೊಳವೆಯಲ್ಲಿ ಮಾಡಿಕೊಂಡೆ. ಉಪ್ಪನ್ನು ಅಡಿಲೇಡಿನಿಂದ ತರಿಸಿದೆ. ನಮ್ಮ ನಲ್ಲಿ ನೀರು ಗಡಸು, ಆದ್ದರಿಂದ ಮಳೆನೀರು ಬಳಸಿದ್ದೇನೆ. ಅಪ್ಪನ ಕಾಲದಿಂದ ಕೂಡಿಟ್ಟ ಮಳೆನೀರು ಹಿತ್ತಲಲ್ಲಿದೆ, ಕುಡಿಯಲು ಸಕ್ಕರೆಯಂತಿರುತ್ತದೆ. ತೇಲುಕಡ್ಡಿ ಸರಿಯಾಗಿ 1.025ಕ್ಕೆ ನಿಂತಿದೆ. ಇಲ್ಲಿನ ಒಣಹವೆಗೆ ದಿನಕ್ಕೆ ಎರಡು ಲೀಟರು ಆರಿಹೋಗುತ್ತದೆ, ಅಷ್ಟನ್ನು ಬೆಳಿಗ್ಗೆ ತುಂಬುತ್ತೇನೆ.

ಹತ್ತು ದಿನದಿಂದ ಬರೀ ನೀರು ನೋಡುತ್ತಿದ್ದೇನೆ. ನೀವು ನಂಬದಿದ್ದರೂ ಸಾಕ್ಷಿ ಇದೆ. ನನ್ನ ಜೊತೆ ಕೆಲಸ ಮಾಡುವ ದುಷ್ಕೊ ಮೊನ್ನೆ ಶೆಡ್ಡಿಗೆ ಬಂದ.

"ಏನೋ ಇದರಲ್ಲಿ?" ಅಂದ.

"ನೀರು."

"ಮತ್ತೆ?"

"ಉಪ್ಪು."

"ಮತ್ತೆ?"

"ಸದ್ಯಕ್ಕೆ ಅಷ್ಟೇ."

ಅವನು ನನ್ನ ಹಣೆ ಮುಟ್ಟಿ ನೋಡಿದ. "ಹೆಂಡ್ತಿಗಾದರೆ ಬಸುರಿ ಬಯಕೆ ಅನ್ನಬಹುದು. ನಿನಗೇನಾಗಿದೆಯೋ?" ಅಂದ.

ಈಗ ಕಲ್ಲು ಬೇಕು. ನೀವು ಕೆಲಸ ಮಾಡುವಲ್ಲಿಂದ ಕಳಿಸಲು ಆಗುತ್ತದೆಯೇ? ರೊಸೀನಾ ಚೆನ್ನಾಗಿದ್ದಾಳೆ. ಚೀಟಿ ನೋಡಿ ಬರೆಯುತ್ತಿಲ್ಲ.

ಕೆಲ್ವಿನ್


ಕೇರ್ನ್ಸ್
30 ಮಾರ್ಚ್ 1993

ಕೆಲ್ವಿನ್ ಅವರಿಗೆ,

ಕಲ್ಲು ಏಪ್ರಿಲ್ 6ರ ವಿಮಾನಕ್ಕೆ ಬರುತ್ತದೆ. ಹದಿನೆಂಟು ಕಿಲೋ, ಎರಡು ಥರ್ಮೋಕೋಲ್ ಪೆಟ್ಟಿಗೆ. ನಾನೇ ಆರಿಸಿ, ಒದ್ದೆ ಪೇಪರು ಸುತ್ತಿ ಪ್ಯಾಕ್ ಮಾಡುತ್ತೇನೆ. ಶೆಡ್ಡಿನವರು ಲೈಸೆನ್ಸ್ ಇಟ್ಟುಕೊಂಡು ತೆಗೆಯುವ ಜಾಗದ್ದು. ರೊಸೀನಾಳ ಅಪ್ಪ ಬದುಕಿದ್ದಾಗ ಅಲ್ಲಿಯೇ ಮುಳುಗಿ ಕಲ್ಲು ತೆಗೆಯುತ್ತಿದ್ದರು.

ಅದನ್ನು ಕಲ್ಲು ಎಂದು ಕರೆಯುವುದು ರೂಢಿ. ಅದು ಮನೆ. ಅದರ ತೂತುಗಳಲ್ಲಿ ಹುಳು, ಏಡಿ, ಸ್ಪಂಜು, ಕಣ್ಣಿಗೆ ಕಾಣದ್ದು ಎಷ್ಟೋ ಇರುತ್ತವೆ. ನೀರನ್ನು ಶುದ್ಧ ಮಾಡುವುದು ಅವೇ, ನಿಮ್ಮ ಯಂತ್ರವಲ್ಲ. ದಾರಿಯಲ್ಲಿ ಸ್ವಲ್ಪ ಸಾಯುತ್ತವೆ, ಕೆಲವು ದಿನ ನಾರುತ್ತದೆ. ಹೆದರಬೇಡಿ. ಬೆಳ್ಳಗೆ ಕೊಳೆತದ್ದನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆಯಿರಿ. ಒಂದರ ಮೇಲೊಂದು ಗೋಡೆಯ ಹಾಗೆ ಒತ್ತಾಗಿ ಜೋಡಿಸಬೇಡಿ, ನಡುವೆ ನೀರು ಓಡಾಡಲಿ. ಹತ್ತು ಬಸವನಹುಳುವನ್ನು ತಿಂಗಳ ಕೊನೆಗೆ ಕಳಿಸುತ್ತೇನೆ.

ಯಂತ್ರವನ್ನು ಕೈಯಲ್ಲೇ ಮಾಡಿದ್ದು ಒಳ್ಳೆಯದು. ಅದರ ಚಿತ್ರ ಬರೆದು ಕಳಿಸಿ. ನಮ್ಮ ಸೂಪರ್‌ವೈಸರಿಗೆ ತೋರಿಸಬೇಕು.

ಇಲ್ಲಿ ವಿಶೇಷವೇನಿಲ್ಲ. ಹಿಂದಿನ ಕೋಣೆಯ ಫ್ಯಾನು ರಿಪೇರಿ ಮಾಡಿಸಿದೆ. ಗೋಡೆಗೂ ಬಣ್ಣ ಹೊಡೆಸಿದೆ.

ಡಲ್ಸಿ


ಬ್ರೋಕನ್ ಹಿಲ್
18 ಏಪ್ರಿಲ್ 1993

ಪ್ರಿಯ ಡಲ್ಸಿ ಅವರಿಗೆ,

ಕಲ್ಲು ಬಂತು. ಪೆಟ್ಟಿಗೆ ತೆರೆದಾಗ ಶೆಡ್ಡೆಲ್ಲ ಯಾವುದೋ ಬೇರೆ ಊರಿನ ಹಾಗಾಯಿತು. ನೇರಳೆ ಬಣ್ಣದ ಕಲ್ಲನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಇಲ್ಲಿ ನೆಲದಡಿ ಒಂದು ಕಿಲೋಮೀಟರು ಇಳಿದು ಬಗೆಬಗೆಯ ಕಲ್ಲು ಕಂಡವನು ನಾನು. ಕಾಲು ಬಂದ ಕಲ್ಲು ಮಾತ್ರ ಇದೇ ಮೊದಲು. ಮೂರನೆಯ ದಿನ ಒಂದು ತೂತಿನಿಂದ ಬೆರಳುಗುರಿನಷ್ಟು ಏಡಿ ಹೊರಬಂದು ನನ್ನನ್ನೇ ನೋಡುತ್ತಿತ್ತು. ಇನ್ನೊಂದರಿಂದ ಬೀಸಣಿಗೆಯಂಥ ಹುಳು. ಹತ್ತಿರ ಹೋದರೆ ಸರಕ್ಕನೆ ಒಳಗೆ ಹೋಗುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಅರ್ಧ ಗಂಟೆ ಅಲ್ಲಿ ಕೂರುತ್ತೇನೆ. ಒಳಗಿನಿಂದ ಟಕ್, ಟಕ್ ಎಂದು ಸದ್ದು ಬರುತ್ತದೆ. ಪಂಪು ಕೆಟ್ಟಿದೆಯೆಂದು ಎರಡು ಸಲ ಬಿಚ್ಚಿದೆ. ಅದು ಪಂಪಿನದಲ್ಲ.

ಒಂದು ತಮಾಷೆ. ವಾಸನೆ ಹಿತ್ತಲಿಗೆಲ್ಲ ಹರಡಿತು. ರೊಸೀನಾ ಬಟ್ಟೆ ಒಣಹಾಕುತ್ತಾ ನಿಂತವಳು, "ಕೆಲ್ವಿನ್, ಕಡಲಿಳಿತದ ವಾಸನೆ ಬರ್ತಿದೆ" ಅಂದಳು. "ಪಕ್ಕದ ಮನೆಯವರು ಮೀನು ಹುರೀತಿರಬೇಕು" ಅಂದೆ. ನಕ್ಕು ಒಳಗೆ ಹೋದಳು. ಸದ್ಯ ಬಚಾವಾದೆ.

ಕೋಣೆಗೆ ಬಣ್ಣ ಹೊಡೆಸಿದ್ದು ಕೇಳಿ ಸಂತೋಷವಾಯಿತು. ಯಾವ ಬಣ್ಣ? ಯಂತ್ರದ ಚಿತ್ರ ಇದರ ಜೊತೆಗಿದೆ.

ಕೆಲ್ವಿನ್


ಕೇರ್ನ್ಸ್
27 ಏಪ್ರಿಲ್ 1993

ಕೆಲ್ವಿನ್,

ಮೊನ್ನೆ ಭಾನುವಾರ ರೊಸೀನಾ ಫೋನಿನಲ್ಲಿ ಏನು ಹೇಳಿದಳೆಂದು ಅವಳದೇ ಮಾತಿನಲ್ಲಿ ಬರೆಯುತ್ತೇನೆ. "ಅಮ್ಮಾ, ನಂಗೆ ತಲೆ ಕೆಟ್ಟಿದೆ ಅನ್ಸುತ್ತೆ. ಹಿತ್ತಲಿಗೆ ಹೋದರೆ ಸಮುದ್ರದ ವಾಸನೆ ಬರುತ್ತೆ. ಕೆಲ್ವಿನ್‌ಗೆ ಹೇಳಿದ್ರೆ ಮೀನು ಹುರೀತಿದಾರೆ ಅಂದ. ಪಕ್ಕದ ಮನೇಲಿ ಒಂದು ತಿಂಗಳಿಂದ ಯಾರೂ ಇಲ್ಲ. ಆಸ್ಪತ್ರೇಲಿ ಹೇಳಲಾ ಬೇಡವಾ ಅಂತ ಯೋಚಿಸ್ತಿದೀನಿ."

ಅವಳು ನಕ್ಕಳು ಎಂದು ನೀನು ಬರೆದಿದ್ದೀಯ. ನಕ್ಕಳೋ, ಮುಖ ತಿರುಗಿಸಿಕೊಂಡು ಹೋದಳೋ?

ಹುಟ್ಟುಹಬ್ಬದವರೆಗೆ ಕಾಯುವುದು ಮಕ್ಕಳಾಟ. ಈ ಕಾಗದ ಕೈಗೆ ಬಂದ ದಿನವೇ ಶೆಡ್ಡಿನ ಬಾಗಿಲು ತೆಗೆ. ನಾನು ಫೋನಿನಲ್ಲೇ ಹೇಳಿಬಿಡುತ್ತಿದ್ದೆ. ಕಟ್ಟಿದವನು ನೀನು, ತೋರಿಸುವವನೂ ನೀನೇ ಆಗಲಿ ಎಂದು ನಾಲಿಗೆ ಕಚ್ಚಿಕೊಂಡೆ.

ಬಸವನಹುಳು ಗುರುವಾರದ ವಿಮಾನಕ್ಕೆ ಬರುತ್ತವೆ.

ಡಲ್ಸಿ


ಬ್ರೋಕನ್ ಹಿಲ್
9 ಮೇ 1993

ಶ್ರೀಮತಿ ಮರಿಯಾನೊ ಅವರಿಗೆ,

ಬಾಗಿಲು ತೆಗೆದೆ. ಹೋದ ಭಾನುವಾರ ಬೆಳಿಗ್ಗೆ, ನಿಮ್ಮ ಕಾಗದ ಬಂದ ಮರುದಿನವೇ.

ಅವಳು ಹೊಸಿಲಲ್ಲೇ ನಿಂತಳು. ಆಮೇಲೆ ಮಗುಚಿಟ್ಟ ಎಣ್ಣೆ ಡಬ್ಬದ ಮೇಲೆ ಕೂತಳು. ಆ ಟಕ್ ಟಕ್ ಸದ್ದು ಬಂದಾಗ "ಸಿಗಡಿ" ಅಂದಳು. "ಕೊಂಡಿ ಬಡಿಯುತ್ತೆ. ಚಿಕ್ಕೋಳಿದ್ದಾಗ ದೋಣಿಯ ತಳಕ್ಕೆ ಕಿವಿ ಇಟ್ಟು ಕೇಳ್ತಿದ್ವಿ." ಅಂಗಿಯ ತೋಳು ಮಡಿಚಿ ಮೊಣಕೈವರೆಗೆ ನೀರಿಗೆ ಕೈ ಇಳಿಸಿ ಕೂತಿದ್ದಳು, ಬೆರಳು ಸುಕ್ಕಾಗುವವರೆಗೆ.

ನಿಮಗೆ ಬರೆಯದೆ ಇದ್ದ ಒಂದು ವಿಷಯ ಇದೆ. ಜನವರಿಯಿಂದ ಅವಳು ಸ್ನಾನದ ತೊಟ್ಟಿಗೆ ನೀರು ಬಿಟ್ಟು, ಸ್ನಾನ ಮಾಡದೆ, ಅಂಚಿನಲ್ಲಿ ಕೂತು ನೀರಿನ ಸದ್ದು ಕೇಳುತ್ತಿದ್ದಳು. ಬಾಗಿಲ ಸಂದಿಯಿಂದ ನೋಡಿದ್ದೆ. ಈ ತೊಟ್ಟಿಯ ಯೋಚನೆ ಹುಟ್ಟಿದ್ದೇ ಆಗ. ಚೆನ್ನಾಗಿದ್ದಾಳೆ ಎಂದು ಬರೆದದ್ದು ಸುಳ್ಳು.

ನನ್ನ ಸುಳ್ಳು ಅದು. ನಿಮ್ಮದೂ ಒಂದು ಇದೆ. ಅವತ್ತು ಮಧ್ಯಾಹ್ನ ಅವಳು ಡ್ರಾಯರಿನಿಂದ ವಿಮಾನದ ಟಿಕೆಟ್ ತಂದು ನನ್ನ ಮುಂದಿಟ್ಟಳು. ಜೂನ್ 4. ವಾಪಸು ಬರುವ ಟಿಕೆಟ್ ಇರಲಿಲ್ಲ. ನೀವು ಮಾರ್ಚಿನಲ್ಲೇ ಕಳಿಸಿದ್ದಂತೆ. "ಹೇಳೋಕೆ ಧೈರ್ಯ ಬರಲಿಲ್ಲ" ಅಂದಳು. ಕೋಣೆಗೆ ಬಣ್ಣ ಯಾಕೆ ಹೊಡೆಸಿದಿರೆಂದು ಈಗ ತಿಳಿಯಿತು. ನಾನು ಪೆದ್ದನ ಹಾಗೆ ಯಾವ ಬಣ್ಣ ಎಂದು ಕೇಳಿದ್ದೆ. ಒಂದು ಕೈಯಲ್ಲಿ ನನಗೆ ಕಲ್ಲು ಕಳಿಸುತ್ತಾ ಇನ್ನೊಂದು ಕೈಯಲ್ಲಿ ಅವಳನ್ನು ಕರೆಸಿಕೊಳ್ಳುತ್ತಿದ್ದಿರಿ.

ಅವಳಿಗೆ ಹೋಗಬೇಕೆನಿಸಿದರೆ ನಾನೇ ವಿಮಾನ ಹತ್ತಿಸುತ್ತೇನೆ.

ನಾನು, ದುಷ್ಕೊ, ಇನ್ನು ಮೂವರು ಸೇರಿ ತೊಟ್ಟಿಯನ್ನು ಮುಂದಿನ ಕೋಣೆಗೆ ಸಾಗಿಸಿದೆವು. ಬಸವನಹುಳುಗಳು ಬಂದು ಮೂರು ದಿನ ಗಾಜಿನ ಮೇಲೆ ಓಡಾಡಿ, ಆಮೇಲೆ ಒಂದೊಂದೇ ಕಳಚಿ ಬಿದ್ದು ಸತ್ತವು. ಹತ್ತರಲ್ಲಿ ಎರಡು ಉಳಿದಿವೆ. ಕಾರಣ ಗೊತ್ತಾಗುತ್ತಿಲ್ಲ. ರೊಸೀನಾ ಅವನ್ನು ಅಂಗೈಯಲ್ಲಿಟ್ಟುಕೊಂಡು ಅತ್ತಳು.

ಕೆಲ್ವಿನ್ ಪೆಂಡ್ರೇ


ಕೇರ್ನ್ಸ್
17 ಮೇ 1993

ಕೆಲ್ವಿನ್,

ಮೊದಲು ಬಸವನಹುಳುವಿನ ವಿಷಯ, ಅದಕ್ಕೆ ಕಾಯಲು ಪುರುಸೊತ್ತಿಲ್ಲ. ನಿನ್ನ ಅಪ್ಪನ ಮಳೆನೀರು ಇರುವುದು ಯಾವುದರಲ್ಲಿ? ತಗಡಿನ ಟ್ಯಾಂಕಿನಲ್ಲಿ ತಾನೆ? ನಾನು ಮಾರ್ಚಿನಲ್ಲೇ ಕೇಳಬೇಕಿತ್ತು. ತಗಡಿಗೆ ಸತುವಿನ ಲೇಪ ಇರುತ್ತದೆ. ಅದು ಮನುಷ್ಯನಿಗೆ ಏನೂ ಮಾಡುವುದಿಲ್ಲ, ಹುಳುವಿಗೂ ಹವಳಕ್ಕೂ ವಿಷ. ದಿನಾ ನೀರು ಆರುತ್ತದೆ, ಸತುವು ಆರುವುದಿಲ್ಲ. ಎರಡೆರಡು ಲೀಟರು ತುಂಬುತ್ತಾ ಹೋದಷ್ಟೂ ಅದು ಒಳಗೇ ಸೇರಿಕೊಳ್ಳುತ್ತದೆ. ಇಂದೇ ಅರ್ಧ ನೀರು ಚೆಲ್ಲಿ, ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿಗೆ ಉಪ್ಪು ಬೆರೆಸಿ ತುಂಬು. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ, ಮತ್ತೆ ನಾಲ್ಕು ದಿನಕ್ಕೆ ಇನ್ನೊಮ್ಮೆ. ಇದ್ದಿಲಿನ ಚೀಲವೊಂದನ್ನು ಪಂಪಿನ ಮುಂದೆ ಕಟ್ಟು. ಕಲ್ಲು ಉಳಿಯುತ್ತದೆ.

ಈಗ ಟಿಕೆಟ್. ಹೌದು, ಕಳಿಸಿದೆ. ನಿನಗೆ ತಿಳಿಸಲಿಲ್ಲ. ರೊಸೀನಾ ಹುಟ್ಟುವಾಗ ನಾನು ಬೆಳೆದ ದ್ವೀಪ ಬಿಟ್ಟು ಸಾವಿರ ಕಿಲೋಮೀಟರು ದೂರದ ಊರಿನಲ್ಲಿ, ಗಂಡ ದೋಣಿಯಲ್ಲಿದ್ದಾಗ, ಗುರುತಿಲ್ಲದ ಆಸ್ಪತ್ರೆಯಲ್ಲಿ ಒಬ್ಬಳೇ ಇದ್ದೆ. ಹೆಸರು ಹಿಡಿದು ಕರೆಯುವವರೂ ಇರಲಿಲ್ಲ, "ಮೂರನೇ ಮಂಚ" ಅನ್ನುತ್ತಿದ್ದರು. ನನ್ನ ಮಗಳಿಗೆ ಅದು ಬೇಡ ಅಂದುಕೊಂಡೆ. ನಿನ್ನ ಮೊದಲ ಕಾಗದ ಓದಿದಾಗ ಇವನು ಆಟದ ಸಾಮಾನು ಕೊಟ್ಟು ಹೆಂಡತಿಯನ್ನು ಕಟ್ಟಿಹಾಕುವವನು ಎನಿಸಿತು. ಈ ನಡುವೆ ಹಾಗೆ ಅನಿಸುವುದು ನಿಂತಿತ್ತು. ಆದರೂ ಟಿಕೆಟ್ಟಿನ ಮಾತು ಎತ್ತಲಿಲ್ಲ. ನಾನು ಹಟಮಾರಿ.

ಸ್ನಾನದ ತೊಟ್ಟಿಯ ವಿಷಯ ನನಗೆ ಬರೆದದ್ದು ಒಳ್ಳೆಯದಾಯಿತು.

ಟಿಕೆಟ್ಟಿನ ದಿನ ಬದಲಿಸಬಹುದು, ವಾಪಸಿನದೂ ಸೇರಿಸಬಹುದು. ವಿಮಾನದ ಕಚೇರಿಯಲ್ಲಿ ಕೇಳಿದ್ದೇನೆ. ಏನು ಮಾಡಬೇಕೆಂದು ರೊಸೀನಾ ಹೇಳಲಿ. ನೀನೂ ಹೇಳಬೇಡ, ನಾನೂ ಹೇಳುವುದಿಲ್ಲ.

ಬಣ್ಣ ತಿಳಿಹಳದಿ.

ಡಲ್ಸಿ


ಬ್ರೋಕನ್ ಹಿಲ್
6 ಜೂನ್ 1993

ಅತ್ತೆಯವರಿಗೆ,

ಈ ಕಾಗದ ಬರುವ ಹೊತ್ತಿಗೆ ರೊಸೀನಾ ನಿಮ್ಮ ಹತ್ತಿರ ಇದ್ದು ನಾಲ್ಕೈದು ದಿನ ಆಗಿರುತ್ತದೆ. ಅವಳದೇ ತೀರ್ಮಾನ: ನಾಲ್ಕು ವಾರ ಅಲ್ಲಿ, ಹೆರಿಗೆಗೆ ಇಲ್ಲಿ. ನಾನು ತುಟಿ ಬಿಚ್ಚಲಿಲ್ಲ. ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ತಗಡಿನದೇ ಟ್ಯಾಂಕು. ನೀವು ಹೇಳಿದ ಹಾಗೆ ಮೂರು ಸಲ ನೀರು ಬದಲಿಸಿದೆ. ಬ್ಯಾಟರಿ ಅಂಗಡಿಯವನು "ಎಷ್ಟು ಬ್ಯಾಟರಿ ಇದೆಯಪ್ಪಾ ನಿನ್ನ ಹತ್ರ?" ಅಂತ ಕೇಳಿದ. ಉಳಿದ ಎರಡು ಬಸವನಹುಳುಗಳು ಗಾಜು ಹತ್ತಿವೆ. ಬೀಸಣಿಗೆ ಹುಳು ಮತ್ತೆ ಬಿಚ್ಚಿಕೊಂಡಿದೆ.

ಮನೆಯಲ್ಲಿ ಈಗ ಪಂಪಿನ ಸದ್ದು, ಸಿಗಡಿಯ ಸದ್ದು, ನನ್ನ ಚಮಚದ ಸದ್ದು. ಅವಳು ಹೇಗಿದ್ದಾಳೆ? ಫೋನಿನಲ್ಲಿ ಕೇಳಿದರೆ ಚೆನ್ನಾಗಿದೀನಿ ಅಂತಾಳೆ. ನೀವು ನಿಜ ಬರೆಯಿರಿ.

ಕೆಲ್ವಿನ್


ಕೇರ್ನ್ಸ್
16 ಜೂನ್ 1993

ಕೆಲ್ವಿನ್,

ನಿಜ ಬರೆಯುತ್ತೇನೆ. ಮೊದಲ ವಾರ ದಿನಾ ಎರಡು ಹೊತ್ತು ನೀರಿಗಿಳಿದಳು. ಚೆನ್ನಾಗಿ ಉಂಡಳು. ಚರ್ಚಿನ ಹೆಂಗಸರೆಲ್ಲ ಬಂದು ಹೊಟ್ಟೆ ಮುಟ್ಟಿ ಹೋದರು. ಅವಳ ಚಿಕ್ಕಮ್ಮ ತೆಂಗಿನಹಾಲಿನಲ್ಲಿ ಗೆಣಸು, ಕುಂಬಳ ಬೇಯಿಸಿಕೊಂಡು ಪಾತ್ರೆಯನ್ನೇ ಹೊತ್ತು ತಂದಳು. ಹಿಂದಿನ ಕೋಣೆಯಲ್ಲಿ ಫ್ಯಾನು ಹಾಕಿಕೊಂಡು ಹತ್ತು ಗಂಟೆ ನಿದ್ದೆ. ನಾನು ಗೆದ್ದೆ ಅಂದುಕೊಂಡೆ.

ಈ ವಾರ ಬೇರೆ. ನನ್ನ ತೊಟ್ಟಿಯ ಮುಂದೆ ಕೂತು, "ಅಮ್ಮಾ, ಕೆಲ್ವಿನ್ ಇವತ್ತು ನೀರು ತುಂಬಿರ್ತಾನಾ?" ಅನ್ನುತ್ತಾಳೆ. "ಅವನೇನು ಮಗುವಾ?" ಅಂದರೆ, "ಮಗು ಅಲ್ಲ. ಒಬ್ಬನೇ ಇದ್ರೆ ಡಬ್ಬದಿಂದಲೇ ತಿಂತಾನೆ" ಅನ್ನುತ್ತಾಳೆ. ನಿನ್ನೆ ನನ್ನ ಜೊತೆ ಶೆಡ್ಡಿಗೆ ಬಂದು ಒಂದಿಡೀ ದಿನ ಹವಳ ಆರಿಸಿದಳು. ನಮ್ಮ ಸೂಪರ್‌ವೈಸರು ದೊಡ್ಡದನ್ನು ತೋರಿಸಿದರೆ, "ಬೇಡ, ನಮ್ಮದು ಚಿಕ್ಕದು. ದೀಪ ಎರಡೇ ಟ್ಯೂಬು" ಎಂದು ಅವನಿಗೇ ಪಾಠ ಹೇಳಿದಳು. ಕೊನೆಗೆ ನಾಲ್ಕು ತೆಗೆದಿಟ್ಟಿದ್ದಾಳೆ: ಅಣಬೆಯಂಥದ್ದು ಎರಡು, ಚರ್ಮದಂಥ ಮೆತ್ತನೆಯದು ಒಂದು, ಹಸಿರು ನಕ್ಷತ್ರ ಹಾಸಿದಂಥದ್ದು ಒಂದು. ಎಲ್ಲ ಗಟ್ಟಿ ಜೀವ, ಕಲಿಯುವವರಿಗೆ ಸರಿ.

ಇನ್ನೂ ಒಂದು ನಿಜ. ಇಲ್ಲೇ ಇದ್ದುಬಿಡು ಎಂದು ಮತ್ತೆ ಕೇಳಿದೆ. ಸುಮ್ಮನಿರುತ್ತೇನೆಂದು ನಿನಗೆ ಮಾತು ಕೊಟ್ಟಿದ್ದೆ, ಮುರಿದೆ. ಅವಳು ಬಾಚಣಿಗೆ ತಂದು ನನ್ನ ಕೂದಲು ಬಾಚಿದಳು.

ಡಲ್ಸಿ


ಬ್ರೋಕನ್ ಹಿಲ್
25 ಜೂನ್ 1993

ಅತ್ತೆ,

ಇದನ್ನು ರೊಸೀನಾಗೆ ಹೇಳಬೇಡಿ. ಅವಳು ಬರಲು ಒಂದೇ ವಾರ ಇದೆ, ಗಾಬರಿಯಾಗುತ್ತಾಳೆ.

ಹೋದ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಯಿತು. ಇಡೀ ಬೀದಿಗೇ ಇಲ್ಲ. ಹೊರಗೆ ಐದು ಡಿಗ್ರಿ ಚಳಿ. ಪಂಪು ನಿಂತಿತು, ಹೀಟರು ನಿಂತಿತು. ನೀರು ಗಳಿಗೆಯೂ ನಿಲ್ಲಬಾರದು ಎಂದು ನೀವು ಬರೆದದ್ದು ತಲೆಯಲ್ಲಿ ಕೂತಿತ್ತು. ತೊಟ್ಟಿಗೆ ಕಂಬಳಿ ಸುತ್ತಿದೆ. ಗ್ಯಾಸಿನ ಒಲೆಯಲ್ಲಿ ನೀರು ಕಾಯಿಸಿ ಬಾಟಲಿಗೆ ತುಂಬಿ ಒಳಗೆ ತೇಲಿಬಿಟ್ಟೆ. ಒಂದು ಜಗ್ಗು ತೆಗೆದುಕೊಂಡು ತೊಟ್ಟಿಯ ನೀರನ್ನೇ ಮೊಗೆದು ಮೇಲಿನಿಂದ ಸುರಿಯುತ್ತಾ ನಿಂತೆ. ಒಂದು ಗಂಟೆಗೆ ತೋಳು ಬಿದ್ದುಹೋಯಿತು. ಫುಟ್‌ಬಾಲ್ ನೋಡಲು ಕರೆಯೋಣವೆಂದು ದುಷ್ಕೊ, ಇನ್ನಿಬ್ಬರು ಬಂದರು. ಯಾರೂ ಪಂದ್ಯಕ್ಕೆ ಹೋಗಲಿಲ್ಲ. ಸರದಿಯ ಮೇಲೆ ಜಗ್ಗು ಹಿಡಿದೆವು.

"ಲೇ, ಎತ್ತರದಿಂದ ಸುರಿಯೋ, ಏಡಿಗೆ ಉಸಿರು ಬೇಡವಾ?" ಎಂದು ದುಷ್ಕೊ ಉಳಿದವರನ್ನು ಬೈಯುತ್ತಿದ್ದ. ಅವನಿಗೆ ಏಡಿಯ ಮೇಲೆ ಪ್ರೀತಿ ಹುಟ್ಟಿಬಿಟ್ಟಿದೆ.

ಸಂಜೆ ಐದಕ್ಕೆ ಕರೆಂಟು ಬಂತು. ನೀರು ಇಪ್ಪತ್ತೊಂದು ಡಿಗ್ರಿಗೆ ಇಳಿದಿತ್ತು. ಯಾರೂ ಸತ್ತಿಲ್ಲ. ಏಳು ಗಂಟೆ ಜಗ್ಗು ಎತ್ತಿದ್ದೇವೆ. ಸರಿ ಮಾಡಿದೆನೇ, ತಪ್ಪು ಮಾಡಿದೆನೇ?

ನೀವು ಮಾತು ಮುರಿದದ್ದಕ್ಕೆ ಕೋಪವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ.

ಕೆಲ್ವಿನ್


ಕೇರ್ನ್ಸ್
4 ಜುಲೈ 1993

ಕೆಲ್ವಿನ್,

ರೊಸೀನಾ, ಹವಳದ ಪೆಟ್ಟಿಗೆ, ಎರಡೂ ಕ್ಷೇಮವಾಗಿ ತಲುಪಿದವೆಂದು ಫೋನಿನಲ್ಲಿ ತಿಳಿಯಿತು. ಪೆಟ್ಟಿಗೆಯನ್ನು ಸೀಟಿನ ಕೆಳಗಿಡಲು ಒಪ್ಪದೆ ದಾರಿಯುದ್ದಕ್ಕೂ ಕಾಲುಗಳ ನಡುವೆ ಇಟ್ಟುಕೊಂಡಿದ್ದಳಂತೆ. ಹವಳದ ಚೀಲಗಳನ್ನು ಮೊದಲು ತೊಟ್ಟಿಯ ನೀರಿನಲ್ಲಿ ತೇಲಿಸಿ, ಅರ್ಧ ಗಂಟೆ ಬಿಟ್ಟು ಸ್ವಲ್ಪಸ್ವಲ್ಪವೇ ನೀರು ಬೆರೆಸಿದಿರಂತೆ, ಸರಿ. ಮೊದಲ ಕೆಲವು ದಿನ ಮುದುಡಿಕೊಂಡಿರುತ್ತವೆ, ಪರಸ್ಥಳ ತಾನೆ. ಕೆಣಕಬೇಡಿ.

ಜಗ್ಗಿನ ವಿಷಯ ಅವಳಿಗೆ ಹೇಳಲಿಲ್ಲ. ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸೂಪರ್‌ವೈಸರು ನಿನ್ನ ಯಂತ್ರದ ಚಿತ್ರವನ್ನು ಗೋಡೆಗೆ ಅಂಟಿಸಿದ್ದ, ಈಗ ಅದರ ಪಕ್ಕದಲ್ಲಿ "ಏಳು ಗಂಟೆ" ಎಂದು ಬರೆದಿದ್ದಾನೆ. ಸರಿಯಾಗಿ ಮಾಡಿದ್ದೀಯ. ನಾನಿದ್ದರೂ ಅಷ್ಟೇ ಮಾಡುತ್ತಿದ್ದೆ, ಬೈಗುಳ ಸ್ವಲ್ಪ ಹೆಚ್ಚಿರುತ್ತಿತ್ತು.

ನಾನು ಆಗಸ್ಟ್ 6ಕ್ಕೆ ಬರುತ್ತೇನೆ, ನೀವಿಬ್ಬರೂ ಒಪ್ಪಿದರೆ. ಹುಟ್ಟಿದಾಗಿನಿಂದ ಸಮುದ್ರ ಕಾಣದ ಕಡೆ ನಾನು ಒಂದು ದಿನವೂ ಮಲಗಿಲ್ಲ. ಅಲ್ಲಿ ನೆಲ ಹೇಗಿರುತ್ತದೋ, ಯಾವ ಕಡೆ ಮುಖ ಮಾಡಿ ಕೂರಬೇಕೋ ಗೊತ್ತಿಲ್ಲ. ಇದನ್ನು ರೊಸೀನಾಗೆ ಹೇಳಬೇಡ.

ಡಲ್ಸಿ


ಬ್ರೋಕನ್ ಹಿಲ್
10 ಅಕ್ಟೋಬರ್ 1993

ಅತ್ತೆ,

ನೀವು ಹೋಗಿ ಒಂದು ವಾರವಾಯಿತು. ಎಂಟು ವಾರ ಅಡುಗೆಮನೆಯಲ್ಲಿ ನಿಮ್ಮ ಹಾಡು ಕೇಳಿ ಅಭ್ಯಾಸವಾಗಿ, ಈಗ ಸ್ಟವ್ ಮಾತಾಡದೆ ಉರಿಯುತ್ತಿದೆ.

ಮಗು ಸಲೀನಾಗೆ ಇವತ್ತಿಗೆ ಎಂಟು ವಾರ. ನೀವು ಅವಳಿಗೆ ಇಟ್ಟ ನಿಮ್ಮ ತಾಯಿಯ ಹೆಸರು ನನ್ನ ಅಕ್ಕ ಲೊರೇನಳ ಬಾಯಲ್ಲಿ ಇನ್ನೂ ಸರಿಯಾಗಿ ತಿರುಗುವುದಿಲ್ಲ. ತೊಟ್ಟಿಯ ಎದುರು ಮಲಗಿಸಿದರೆ ಅಳು ನಿಲ್ಲುತ್ತದೆ. ನೀಲಿ ದೀಪವನ್ನೇ ನೋಡುತ್ತಾಳೆ. ಹಸಿರು ನಕ್ಷತ್ರ ಪಕ್ಕದ ಕಲ್ಲಿಗೂ ಹಬ್ಬಿದೆ. ಅಣಬೆ ಎರಡಿದ್ದದ್ದು ಮೂರಾಗಿದೆ. ಗುರುವಾರ ನೀವು ಕಳಿಸಿದ ಎರಡು ಪಟ್ಟೆಮೀನು ಬಂದವು. ದೊಡ್ಡದು ಚಿಕ್ಕದನ್ನು ಎರಡು ದಿನ ಗದರಿಸಿ ಓಡಿಸುತ್ತಿತ್ತು, ಇವತ್ತು ಎರಡೂ ಒಂದೇ ಮೂಲೆಯಲ್ಲಿವೆ. "ದೊಡ್ಡದು ಹೆಣ್ಣು" ಅಂದಳು ರೊಸೀನಾ. "ಗೊತ್ತಾಯ್ತು" ಅಂದೆ. ನನ್ನ ಬೆನ್ನಿಗೆ ಒಂದು ಬಿತ್ತು.

ಒಂದು ವಿಷಯ ಕೇಳಬೇಕು. ಆಸ್ಪತ್ರೆಯಿಂದ ಬಂದ ದಿನದಿಂದ ನೀವು ನನ್ನ ಜೊತೆ ಮಾತು ಕಡಿಮೆ ಮಾಡಿದಿರಿ. ವಿಮಾನ ನಿಲ್ದಾಣದಲ್ಲೂ ಕೈ ಹಿಡಿದಿರಿ, ಏನೋ ಹೇಳಬೇಕೆಂದು ಬಾಯಿ ತೆರೆದಿರಿ, ಹೇಳದೆ ಹೋದಿರಿ. ನಾನು ಏನಾದರೂ ತಪ್ಪು ಮಾಡಿದೆನೇ? ರೊಸೀನಾಳನ್ನು ಕೇಳಿದರೆ, "ಅಮ್ಮ ಹಾಗೇ" ಅಂತಾಳೆ.

ಕೆಲ್ವಿನ್


ಕೇರ್ನ್ಸ್
21 ಅಕ್ಟೋಬರ್ 1993

ಮಗಾ ಕೆಲ್ವಿನ್,

ಮೀನಿಗೆ ದಿನಕ್ಕೆ ಒಂದೇ ಸಲ ಆಹಾರ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ರೊಸೀನಾಗೆ ಕೈ ಧಾರಾಳ, ಡಬ್ಬ ನಿನ್ನ ಹತ್ತಿರ ಇರಲಿ.

ನೀನು ಏನೂ ತಪ್ಪು ಮಾಡಿಲ್ಲ. ಆವತ್ತು ನಡೆದದ್ದನ್ನು ನಿನಗೆ ಹೇಳಲೇಬೇಕು, ಎದುರಿಗೆ ಹೇಳಲು ನನ್ನಿಂದ ಆಗಲಿಲ್ಲ.

ಮದುವೆಯಾಗಿ ಒಂದು ವರ್ಷ, ಭಾನುವಾರ ಭಾನುವಾರ ಅವಳು ಫೋನು ಮಾಡುತ್ತಿದ್ದಳು. "ಇಲ್ಲಿ ಧೂಳು ಅಮ್ಮಾ, ಮನೇಲಿ ಮಳೆ ಬಂತಾ?" ಅನ್ನುತ್ತಿದ್ದಳು. "ಇಲ್ಲಿ ಚಳಿ, ಮನೇಲಿ ಮಾವಿನಮರ ಹೂ ಬಿಟ್ಟಿದೆಯಾ?" ನಿಮ್ಮ ಊರು ಯಾವಾಗಲೂ 'ಇಲ್ಲಿ'. 'ಮನೆ' ಅಂದರೆ ನನ್ನದು. ಅವಳಿಗೆ ಅದು ಗೊತ್ತೇ ಇರಲಿಲ್ಲ. ನನಗೆ ಗೊತ್ತಿತ್ತು. ಫೋನು ಇಟ್ಟ ಮೇಲೆ ಆ ಒಂದು ಮಾತನ್ನು ಹಿಡಿದುಕೊಂಡು ವಾರ ಕಳೆಯುತ್ತಿದ್ದೆ. ಟಿಕೆಟ್ ಕಳಿಸಿದ್ದೂ ಅದೇ ಧೈರ್ಯದಿಂದ.

ಆಸ್ಪತ್ರೆಯಿಂದ ಬರುವಾಗ ನಾನು ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತಿದ್ದೆ. ಗಾಡಿ ಕ್ಲೋರೈಡ್ ಬೀದಿಗೆ ತಿರುಗಿತು. ಯಾರೋ ಗೇಟಿನ ಮುಂದೆ ಟ್ರಕ್ಕು ನಿಲ್ಲಿಸಿದ್ದರು, ನೀನು ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನನ್ನು ಬೈಯುತ್ತಿದ್ದೆ. ಆಗ ರೊಸೀನಾ ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿ, "ಮನೆ ಬಂತು ನೋಡೇ, ಮನೆ ಬಂತು" ಅಂದಳು.

ನಿನ್ನ ಕಿವಿಗೆ ಅದು ಬೀಳಲಿಲ್ಲ. ನಾನು ಕೇಳಿಸಿಕೊಂಡೆ. ಆಮೇಲೆ ಒಂದಷ್ಟು ದಿನ ನನಗೆ ಮಾತು ಬರಲಿಲ್ಲ. ಈಗ ಸರಿಹೋಗಿದೆ. ಆ ಮಾತು ನಿನಗೆ ಸೇರಬೇಕಾದದ್ದು, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಿನ್ನ ಅತ್ತೆ,
ಡಲ್ಸಿ